ಕೈನೀರು

ಶಿವನಂಜಮ್ಮನ ಮುಂದೆ ಅನ್ನದ ತಟ್ಟೆ ಇಟ್ಟರೆ ಅವಳು ತಟ್ಟೆಯನ್ನು ನೋಡುತ್ತಿದ್ದಳು. ತಟ್ಟೆ ತೆಗೆದರೆ ತಟ್ಟೆಯಿದ್ದ ಜಾಗವನ್ನು ನೋಡುತ್ತಿದ್ದಳು. ಎರಡರ ನಡುವೆ ಭೇದವೆನ್ನುವುದು ಅವಳಿಗೆ ಉಳಿದಿರಲಿಲ್ಲ. ಹಸಿವಾಗುತ್ತಿರಲಿಲ್ಲವೇ ಎಂದರೆ, ಆಗುತ್ತಿತ್ತು. ಹೊಟ್ಟೆ ಗುರುಗುಟ್ಟುವುದು ಅಡುಗೆಮನೆಯಲ್ಲಿದ್ದ ಮಗಳು ನೀಲಾಂಬಿಕೆಗೂ ಕೇಳಿಸುತ್ತಿತ್ತು. ಕೈ ಆಡುತ್ತಿತ್ತು, ಹಲ್ಲು ಗಟ್ಟಿಯಿದ್ದವು, ಗಂಟಲಿಗೆ ದೋಷವಿರಲಿಲ್ಲ. ತಿನ್ನಬೇಕು ಅನ್ನುವ ಸಣ್ಣ ಮನಸ್ಸು ಮಿದುಳಿನಲ್ಲಿ ಎಲ್ಲಿ ಹುಟ್ಟುತ್ತದೋ ಅಲ್ಲಿಗೆ ಹೋಗುವ ರಕ್ತನಾಳವೊಂದು ಕಟ್ಟಿಕೊಂಡು ಎರಡು ತಿಂಗಳಾಗಿತ್ತು, ಅಷ್ಟೇ.

ಮೊದಲು ನೋಡಿದ ಡಾಕ್ಟರು ಮೂಗಿಗೆ ನಳಿಗೆ ಹಾಕಿ, ಗಂಜಿ ಇಳಿಸುವುದನ್ನು ನೀಲಾಳಿಗೆ ಕಲಿಸಿ ಮನೆಗೆ ಕಳಿಸಿದ್ದರು. ಮೂರನೇ ವಾರಕ್ಕೆ ಗಂಜಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯಿತು. ಹನ್ನೆರಡು ದಿನ ಜೀವ ತೂಗುಯ್ಯಾಲೆಯಲ್ಲಿತ್ತು. ಬಿಡುಗಡೆಯ ಹೊತ್ತಿನಲ್ಲಿ ಅದೇ ಡಾಕ್ಟರು, "ಇನ್ನೊಂದ್ಸಲ ಹೀಗಾದ್ರೆ ಕಷ್ಟ ಕಣಮ್ಮ. ಸದ್ಯಕ್ಕೆ ನಳಿಗೇಲೇ ಹುಷಾರಾಗಿ ಇಳ್ಸಿ, ಆದ್ರೆ ತಾನಾಗೇ ತಿನ್ನೋ ಹಾಗಾದ್ರೆ ಮಾತ್ರ ಉಳೀತಾರೆ" ಅಂದರು. ತಾನಾಗಿ ತಿನ್ನುವುದು ಹೇಗೆ ಅಂತ ಕೇಳಿದರೆ ಅವರೂ ತಟ್ಟೆಯಿದ್ದ ಜಾಗವನ್ನೇ ನೋಡಿದರು.

ನೀಲಾ ಮಂಡಿ ಮೊಹಲ್ಲಾದ ಊದುಬತ್ತಿ ಕಾರ್ಖಾನೆಯಲ್ಲಿ ಮಸಾಲೆ ಕಲಸುವವಳು. ಇದ್ದಿಲು ಪುಡಿ, ಜಿಗಟು, ಹಾಲುಮಡ್ಡಿ, ಲಾವಂಚ, ಕಚೋರ ಎಲ್ಲವನ್ನೂ ಬರಿಗೈಯಲ್ಲಿ ನಾದಿ ನಾದಿ ಅವಳ ಅಂಗೈಗಳು ಇಪ್ಪತ್ತು ವರ್ಷದಿಂದ ತೆಳು ಕಂದು ಬಣ್ಣಕ್ಕೆ ತಿರುಗಿದ್ದವು. ಅಪ್ಪನಿಂದ ಬಂದ ಕಸುಬು. ಅವಳ ಮೂಗನ್ನು ಕಾರ್ಖಾನೆಯವರು ತಕ್ಕಡಿಗಿಂತ ಹೆಚ್ಚು ನಂಬುತ್ತಿದ್ದರು. ಅಂಥ ಮೂಗು ಇದ್ದೂ ಅವ್ವನಿಗೆ ಒಂದು ತುತ್ತು ತಿನ್ನಿಸಲಾಗಲಿಲ್ಲವಲ್ಲ ಅಂತ ಅವಳಿಗೆ ತನ್ನ ಮೇಲೆಯೇ ಸಿಟ್ಟು. ಮೂಗಿನಾಸ್ಪತ್ರೆಯ ಸುದ್ದಿ ಅವಳ ಕಿವಿಗೆ ಬಿದ್ದದ್ದು ಆಗ.

ಅದರ ನಿಜವಾದ ಹೆಸರು ಘ್ರಾಣ ಚಿಕಿತ್ಸಾ ಕೇಂದ್ರ. ಊರಾಚೆ ಮುಚ್ಚಿಹೋಗಿದ್ದ ನೂಲಿನ ಗಿರಣಿಯೊಂದರಲ್ಲಿ ಆ ವರ್ಷವಷ್ಟೇ ತೆರೆದಿತ್ತು. ನೆಗಡಿ ಬಂದವರೆಲ್ಲ ಅಲ್ಲಿಗೆ ಹೋಗಿ ಸಾಲು ನಿಂತು, ಬೈಸಿಕೊಂಡು, ಅದೇ ನೆಗಡಿಯೊಂದಿಗೆ ವಾಪಸು ಬರುತ್ತಿದ್ದರು. ಅದರ ಮುಖ್ಯಸ್ಥೆ ಡಾಕ್ಟರ್ ಮುನೀರಾ ಬೇಗಂ. ಐವತ್ತರ ಆಸುಪಾಸಿನ, ನಗುವುದಕ್ಕೂ ಸಮಯವಿಲ್ಲದವರಂತೆ ಕಾಣುವ ಹೆಂಗಸು.

"ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಿದುಳಿನಲ್ಲಿ ಒಂದು ಚೆಕ್‌ಪೋಸ್ಟ್ ದಾಟಿ ಒಳಗೆ ಹೋಗ್ಬೇಕು" ಎಂದರು ಮುನೀರಾ. "ವಾಸನೆಗೆ ಆ ಚೆಕ್‌ಪೋಸ್ಟ್ ಇಲ್ಲ. ಹಿತ್ತಿಲ ಬಾಗಿಲಿಂದ ನೇರ ಒಳಮನೆಗೆ. ನಿಮ್ಮ ತಾಯಿಯ ಮುಂಬಾಗಿಲು ಮುಚ್ಚಿದೆ. ಹಿತ್ತಿಲ ಬಾಗಿಲು ತಟ್ಟಿ ನೋಡೋಣ."

ತಟ್ಟುವ ಸಾಧನ ಒಂದು ಮಣೆ. ಅದರ ಮೇಲೆ ಎರಡು ಗುಂಡಿ, ನೀಲಿ ಒಂದು, ಹಳದಿ ಒಂದು. ಮೂಗಿನ ಕೆಳಗೆ ಬೆರಳುದ್ದದ ಒಂದು ಕೊಳವೆ. ನೀಲಿ ಒತ್ತಿದರೆ ಮಣೆಯೊಳಗಿನ ವಾಸನೆ ತುಂಬಿದ ಬಿಲ್ಲೆಯಿಂದ ಎರಡು ಸೆಕೆಂಡು ಪರಿಮಳ ಬರುತ್ತದೆ, ಹಳದಿ ಒತ್ತಿದರೆ ಬರೀ ಗಾಳಿ. ಪರಿಮಳ ಹಿತವಾದರೆ ಮಿದುಳು ನೀಲಿಯನ್ನು ಆರಿಸಲು ಕಲಿಯುತ್ತದೆ. ಕಲಿತ ಮೇಲೆ ಡಾಕ್ಟರು ಸದ್ದಿಲ್ಲದೆ ಪರಿಮಳವನ್ನು ಹಳದಿಗೆ ಬದಲಿಸುತ್ತಾರೆ.

"ಮೊನ್ನೆ ನೀಲಿ ಕೊಟ್ಟಿತ್ತು ಅಂತ ಇವತ್ತೂ ನೀಲೀನೇ ಒತ್ತುತ್ತಾ ಕೂತ್ರೆ ಅದು ಕಲಿಕೆ ಅಲ್ಲ, ಚಟ. ಸಿಗದೇ ಇದ್ದಾಗ ಹಳದಿ ಕಡೆ ಹೊರಳ್ಬೇಕು. ಹೊರಳಿದ್ರೆ ಒಳಗೆ ತೂಗಿ ನೋಡೋ ಶಕ್ತಿ ಬದುಕಿದೆ ಅಂತ ಅರ್ಥ. ಆಮೇಲೆ ಅದನ್ನ ತುತ್ತಿಗೆ ಕಟ್ಟೋಣ. ಒಂದು ತುತ್ತು ನುಂಗಿದ್ರೆ ಒಂದು ಸಲ ಪರಿಮಳ."

ಮಲ್ಲಿಗೆ, ಕಾಯಿಸಿದ ತುಪ್ಪ, ಮೋಸಂಬಿ ಸಿಪ್ಪೆ, ಆಗಷ್ಟೇ ಇಳಿಸಿದ ಕಾಫಿ ಡಿಕಾಕ್ಷನ್. ಹತ್ತು ದಿನ ಒಂದಾದ ಮೇಲೆ ಒಂದು ಬಿಲ್ಲೆ ಹಾಕಿದರು. ಶಿವನಂಜಮ್ಮನ ಬೆರಳು ಗುಂಡಿಯ ಮೇಲೆ ನೊಣದಂತೆ ಕೂತಿರುತ್ತಿತ್ತು, ಅಷ್ಟೇ. ಕೊನೆಗೆ ಮುನೀರಾ ಕೇಳಿದರು, "ನಿಮ್ಮ ತಾಯಿಗೆ ಜೀವಕ್ಕಿಂತ ಹೆಚ್ಚು ಅಂತ ಏನಾದ್ರೂ ಇತ್ತಾ?"

ನೀಲಾ ಯೋಚಿಸಬೇಕಾಗಿಯೇ ಇರಲಿಲ್ಲ. "ನನ್ ತಮ್ಮ ಇದ್ದ ಮೇಡಂ. ಮಹದೇವಪ್ರಸಾದ. ಹೋಗಿ ಮೂರು ವರ್ಷ ಆಯ್ತು."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಶಿವನಂಜಮ್ಮನಿಗೆ ಇಬ್ಬರು ಮಕ್ಕಳಲ್ಲಿ ಮುದ್ದು ಒಂದೇ. ಪ್ರಸಾದಿ ಗೂಡ್ಸ್ ಆಟೋ ಓಡಿಸುತ್ತಿದ್ದ. ಬಂದರೆ ಬಿಸಿರೊಟ್ಟಿ, ಬರದಿದ್ದರೆ ಬಾಗಿಲಲ್ಲಿ ಅವ್ವ. ನೀಲಾ ಕಾರ್ಖಾನೆಯಿಂದ ಬಂದರೆ ಮಾತ್ರ, "ಆ ಕೈ ತೊಳ್ಕೊಂಡ್ ಬಾರೇ, ಮನೆಯೆಲ್ಲಾ ಮಸಾಲೆ ವಾಸ್ನೆ" ಅನ್ನುವುದು ಒಂದೇ ಮಾತು. ನಂಜನಗೂಡು ರಸ್ತೆಯಲ್ಲಿ ಆಟೋ ಮಗುಚಿ ಪ್ರಸಾದಿ ಹೋದ ದಿನ ಅವ್ವ ಅವನ ಒಗೆಯದ ಖಾಕಿ ಅಂಗಿಯೊಂದನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಿದ್ದಳು. ಆಮೇಲೆ ಅದನ್ನು ಯಾರಿಗೂ ತೆಗೆಯಗೊಟ್ಟಿರಲಿಲ್ಲ. ಈಗ ಬೇಡ ಅನ್ನುವ ಮನಸ್ಸೂ ಅವಳಲ್ಲಿರಲಿಲ್ಲ. ನೀಲಾ ಅವ್ವನ ಎದುರಿನಲ್ಲೇ ಡಬ್ಬಿ ಎತ್ತಿಕೊಂಡು ಹೋದಳು, ಕಳ್ಳಿಯ ಹಾಗೆ ತಲೆ ತಗ್ಗಿಸಿಕೊಂಡು.

ಕೇಂದ್ರದ ಯಂತ್ರ ಅಂಗಿಯ ವಾಸನೆಯನ್ನು ಎಳೆ ಎಳೆಯಾಗಿ ಬಿಡಿಸಿ ಅರವತ್ತೊಂದು ಪದಾರ್ಥಗಳ ಪಟ್ಟಿ ಕೊಟ್ಟಿತು. ಪಟ್ಟಿಯ ಪ್ರಕಾರ ಅಲ್ಲಿನವರು ಬೆರೆಸಿದ್ದನ್ನು ನೀಲಾ ಮೂಸಿ ನೋಡಿ ತಲೆಯಾಡಿಸಿದಳು. "ಇದು ಯಾರದೋ ಅಂಗಿ ಮೇಡಂ. ನಮ್ ಪ್ರಸಾದೀದಲ್ಲ. ನಾನೇ ಕಲಸ್ತೀನಿ, ಬಿಡಿ."

ಒಂಬತ್ತು ದಿನ ಕಲಸಿದಳು. ಹಳತಾದ ಕೊಬ್ಬರಿ ಎಣ್ಣೆ, ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ಕುತ್ತಿಗೆಯ ಬೆವರು, ಹುರಿಗಡಲೆ, ಒಂಚೂರು ಪೆಟ್ರೋಲು. ನಡುನಡುವೆ ಮೂಗು ದಣಿದಾಗ ಕಸುಬಿನವರು ಮಾಡುವಂತೆ ತನ್ನ ಮೊಣಕೈಯ ಒಳಮಡಿಕೆಯನ್ನು ಮೂಸಿ ಮೂಗನ್ನು ತೊಳೆದುಕೊಳ್ಳುತ್ತಿದ್ದಳು. ಒಂಬತ್ತನೇ ದಿನ ಮಧ್ಯಾಹ್ನ ಹನಿಯೊಂದು ಹೆಚ್ಚಿಗೆ ಬಿದ್ದು ವಾಸನೆ ಮೇಲೆದ್ದಾಗ ಅವಳು ಗಕ್ಕನೆ ಹಿಂದಿರುಗಿ ನೋಡಿದಳು. ಕುರ್ಚಿ ಖಾಲಿಯಿತ್ತು. ಆದರೂ ಆ ಕುರ್ಚಿಯ ಕಡೆಗೆ ಬೆನ್ನು ಹಾಕಲು ಅವಳಿಗೆ ಆ ದಿನ ಧೈರ್ಯವಾಗಲಿಲ್ಲ.

ಮಸಾಲೆ ಕಲಸುವವರಲ್ಲಿ ಒಂದು ರೂಢಿಯಿದೆ. ದಿನದ ಕೆಲಸ ಮುಗಿದ ಮೇಲೆ ಅಂಗೈಯನ್ನು ಚೂರೇ ನೀರಿನಲ್ಲಿ ತೊಳೆದು, ಆ ನೀರನ್ನು ಸೀಸೆಯಲ್ಲಿ ಎತ್ತಿಡುತ್ತಾರೆ. ಮಾರನೆಯ ದಿನದ ಉಂಡೆಗೆ ಅದರದ್ದು ಎರಡು ಹನಿ. ಕೈನೀರು ಅಂತ ಅದಕ್ಕೆ ಹೆಸರು. ಕೈನೀರು ಬೀಳದ ಮಸಾಲೆ ತಬ್ಬಲಿ ಎನ್ನುತ್ತಿದ್ದರು ನೀಲಾಳ ಅಪ್ಪ. ಪ್ರಸಾದಿಯ ಬಿಲ್ಲೆಗೂ ನೀಲಾ ಎರಡು ಹನಿ ಹಾಕಿದಳು. ಕೇಂದ್ರಕ್ಕೆ ಬರೆದುಕೊಟ್ಟ ಅಳತೆಯ ಚೀಟಿಯಲ್ಲಿ ಅದನ್ನು ಸೇರಿಸಲಿಲ್ಲ. ಸಾರಿಗೆ ಉಪ್ಪು ಹಾಕಿದೆ ಅಂತ ಯಾರು ಬರೆದಿಡುತ್ತಾರೆ? ಕೇಳಿದ್ದರೆ ಹೇಳುತ್ತಿದ್ದಳು. ಯಾರೂ ಕೇಳಲಿಲ್ಲ.

ಹೊಸ ಬಿಲ್ಲೆ ಹಾಕಿದ ಮೊದಲ ದಿನವೇ ಶಿವನಂಜಮ್ಮನ ಮೂಗಿನ ಹೊಳ್ಳೆಗಳು ಅರಳಿದವು. ಎರಡನೆಯ ದಿನ ಬೆರಳು ನೀಲಿ ಗುಂಡಿಯನ್ನು ಹುಡುಕಿಕೊಂಡು ಹೋಯಿತು. ನಾಲ್ಕನೆಯ ದಿನ ನಲವತ್ತರಲ್ಲಿ ಮೂವತ್ತಾರು ಸಲ ನೀಲಿ. ಐದನೆಯ ದಿನ ಮುನೀರಾ ಪರಿಮಳವನ್ನು ಹಳದಿಗೆ ಬದಲಿಸಿದರು. ಶಿವನಂಜಮ್ಮ ನೀಲಿ ಒತ್ತಿದಳು, ಬರೀ ಗಾಳಿ ಬಂತು. ಮತ್ತೆ ಒತ್ತಿದಳು. ಹುಬ್ಬು ಗಂಟಿಕ್ಕಿತು. ಆ ಮುಖದ ಮೇಲೆ ಮೂರು ತಿಂಗಳಿಂದ ಒಂದು ಗೆರೆಯೂ ಮೂಡಿರಲಿಲ್ಲ. ಮೂರನೆಯ ಸಲಕ್ಕೆ ಬೆರಳು ಹಳದಿಯ ಕಡೆ ಸರಿಯಿತು.

"ಹೊರಳಿದ್ರು!" ಅಂತ ಮುನೀರಾ ಕೂಗಿದರು. ಅವರು ನಗುವುದನ್ನು ನೀಲಾ ನೋಡಿದ್ದು ಅದೇ ಮೊದಲು.

ಚಮಚದಿಂದ ಮಣೆಗೆ ಒಂದು ಸಣ್ಣ ತಂತಿ ಎಳೆದರು. ತುತ್ತು ನುಂಗಿದರೆ ಪರಿಮಳ. ಶಿವನಂಜಮ್ಮ ತಾನೇ ಚಮಚ ಹಿಡಿದು ಉಂಡಳು. ನೀಲಾ ಕೇಂದ್ರದ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಸಂತೋಷದ ಅಳುವೇನೋ ಹೌದು. ಅದರ ತಳದಲ್ಲಿ ಹಳೆಯ ಹೊಟ್ಟೆಕಿಚ್ಚೂ ಇತ್ತು. ಬದುಕಿರುವ ಮಗಳು ಎರಡು ತಿಂಗಳು, ಅವ್ವನ ಹಳೆಯ ಮಾತಿನಂತೆ ಕೈ ತೊಳೆದುಕೊಂಡೇ ಬಂದು, ಕೈತುತ್ತು ಹಿಡಿದು ಬೇಡಿದರೂ ತೆರೆಯದ ಬಾಯಿ, ಸತ್ತ ಮಗನ ಬೆವರಿಗೆ ತೆರೆಯಿತಲ್ಲ.

ಎರಡು ವಾರದ ಮೇಲೆ ಮಣೆಯ ಸಮೇತ ಅವ್ವನನ್ನು ಈರನಗೆರೆಯ ಮನೆಗೆ ಕರೆತಂದಳು. ಅವತ್ತು ಸಂಜೆ ಪಕ್ಕದ ಮನೆಯ ಪುಟ್ಟತಾಯಕ್ಕ ಮೊಸರು ಕೊಡಲು ಬಂದವಳು ಹೊಸ್ತಿಲ ಮೇಲೆಯೇ ನಿಂತುಬಿಟ್ಟಳು. ಎದೆಯ ಮೇಲೆ ಕೈ.

"ಏನವ್ವಾ ನೀಲಾ... ಪರ್ಸಾದಿ ಬಂದೋದ್ನಾ?"

"ಮಿಷನ್ ವಾಸ್ನೆ ಕಣಕ್ಕ ಅದು."

"ಮಿಷನ್ ಅಂತೆ. ನಾನು ಎತ್ತಾಡ್ಸಿದ್ ಮಗ ಕಣೆ ಅವ್ನು" ಅಂದ ಪುಟ್ಟತಾಯಕ್ಕ ಮೊಸರಿನ ಪಾತ್ರೆಯನ್ನು ಹೊಸ್ತಿಲಾಚೆಯೇ ಇಟ್ಟು ಹೋದಳು. ಅವಳನ್ನು ನಗೆಯಾಡಲು ನೀಲಾಳಿಗೂ ಮನಸ್ಸಾಗಲಿಲ್ಲ. ಪರದೆ ಅಲುಗಿದರೆ, ಪಾತ್ರೆ ಸದ್ದಾದರೆ, ಅವಳೇ ಎಷ್ಟೋ ಸಲ "ಯಾವಾಗ್ ಬಂದ್ಯೋ" ಅನ್ನಲು ಬಾಯಿ ತೆರೆದು ಮುಚ್ಚಿಕೊಂಡಿದ್ದಳು. ತಾನೇ ಕಲಸಿದ್ದು, ಹನಿ ಹನಿ ಅಳೆದದ್ದು, ಎಲ್ಲ ಗೊತ್ತಿತ್ತು. ಗೊತ್ತಿದ್ದರೆ ಭಯ ಹೋಗಬೇಕೆಂದೇನೂ ಇಲ್ಲ.

ನಿಜವಾದ ಭಯ ಮೂರನೆಯ ದಿನ ಬೆಳಿಗ್ಗೆ ಬಂತು. ಶಿವನಂಜಮ್ಮ ನಾಲ್ಕು ಇಡ್ಲಿ ತಿಂದಳು. ಐದು, ಆರು. ನೀಲಾ ಖುಷಿಯಿಂದಲೇ ಬಡಿಸಿದಳು. ಒಂಬತ್ತಕ್ಕೆ ನೀಲಾಳ ಕೈ ನಿಂತಿತು. ತಟ್ಟೆಯಲ್ಲಿ ಉಳಿದದ್ದನ್ನು ಶಿವನಂಜಮ್ಮ ನುಂಗುತ್ತಲೇ ಹೋದಳು. ಕಣ್ಣಲ್ಲಿ ನೀರು, ಹೊಟ್ಟೆ ತಮಟೆ. ಕೊನೆಗೆ ವಾಂತಿಯಾಯಿತು. ವಾಂತಿ ಬಾಯಿಯಲ್ಲಿರುವಾಗಲೇ ಮುಂದಿನ ಚಮಚ ತುರುಕಿಕೊಂಡಳು. ಕೆಮ್ಮು ಬಂದು ಮುಖ ನೀಲಿಗಟ್ಟಿತು. ನೀಲಾ ಚಮಚ ಕಿತ್ತುಕೊಂಡು ಬೆನ್ನು ಗುದ್ದಿ ಉಸಿರು ತರಿಸಿದಳು.

"ತಪ್ಪು ನನ್ನದು" ಎಂದರು ಮುನೀರಾ, ಕೇಂದ್ರಕ್ಕೆ ವಾಪಸು ತಂದ ಮೇಲೆ. "ತಿಂಡಿಯ ವಾಸನೆಗೆ ಹೊಟ್ಟೆಯ ಕಡಿವಾಣ ಇರುತ್ತೆ. ಹೊಟ್ಟೆ ತುಂಬಿದ ಮೇಲೆ ಹೋಳಿಗೆ ವಾಸನೆಯೂ ಸಪ್ಪೆ. ಆಗ ಮಿದುಳು ಬೆಲೆ ತಿದ್ದಿಕೊಂಡು ಸಾಕು ಅನ್ನುತ್ತೆ. ಹೆತ್ತ ಮಗುವಿನ ವಾಸನೆಗೆ ಯಾವ ತಾಯಿ ಸಾಕು ಅಂತಾಳೆ? ಅದಕ್ಕೆ ಕಡಿವಾಣವೇ ಇಲ್ಲ. ನಾನು ಅದನ್ನ ಯೋಚನೆ ಮಾಡ್ಬೇಕಿತ್ತು."

ತುತ್ತಿಗೆ ಕೊಡುವ ಬದಲು ಚಮಚ ಕೆಳಗಿಟ್ಟರೆ ಪರಿಮಳ ಬರುವಂತೆ ಮಾಡಿ ನೋಡಿದರು. ಶಿವನಂಜಮ್ಮ ಎರಡೇ ದಿನದಲ್ಲಿ ಕಲಿತಳು. ಚಮಚ ಎತ್ತುವುದು, ಇಡುವುದು, ಎತ್ತುವುದು, ಇಡುವುದು. ಅನ್ನ ಆರಿ ಅಗುಳು ಒಣಗುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಪರಿಮಳ ಪೂರ್ತಿ ತೆಗೆದರೆ ಮೊದಲಿನ ಹಾಗೆ ಗೋಡೆ ನೋಡುತ್ತಾ ಕೂರುತ್ತಿದ್ದಳು.

"ಒಂದು ದಾರಿ ಇದೆ" ಎಂದರು ಮುನೀರಾ. "ಆ ವಾಸನೆಯನ್ನೇ ಕೆಡಿಸೋದು. ಅದು ಬಂದಾಗಲೆಲ್ಲ ಜೊತೆಗೆ ಕೊಳೆತ ವಾಸನೆ, ಹೊಟ್ಟೆ ತೊಳಸೋ ಒಂದು ಔಷಧಿ. ಮೂರು ದಿನ ಸಾಕು. ಅದು ಹೇಸಿಗೆ ಆದ್ಮೇಲೆ, ಎಚ್ಚರಗೊಂಡಿರೋ ಮನಸ್ಸು ಬೇರೆ ಕಡೆ ನೋಡುತ್ತೆ. ತುಪ್ಪ, ಸಾರು, ಮೊಸರು. ಅವಕ್ಕೆ ಕಡಿವಾಣ ಇದೆ."

"ಅಂದ್ರೆ ಅವನನ್ನ ಇನ್ನೊಂದ್ಸಲ ಸಾಯಿಸ್ಬೇಕಾ ಮೇಡಂ?"

"ನಿಮ್ಮ ತಾಯಿಯ ಮೂಗಿನಲ್ಲಿ. ಹೌದು."

ನೀಲಾ ಅಂಗಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಗಿರಣಿಯ ಮೆಟ್ಟಿಲ ಮೇಲೆ ಮಧ್ಯಾಹ್ನವೆಲ್ಲ ಕೂತಿದ್ದಳು. ಎದ್ದು ಬಂದು ಕಾಗದಕ್ಕೆ ಸಹಿ ಹಾಕಿದಳು.

ಕೆಡಿಸುವ ಕೆಲಸಕ್ಕೆ ಬೇಕಾದ ಪ್ರಸಾದಿಯ ವಾಸನೆಯನ್ನು ಅವಳ ಚೀಟಿ ನೋಡಿಕೊಂಡು ಕೇಂದ್ರದವರೇ ಬೆರೆಸಿದರು. ಅದನ್ನಾದರೂ ಅವಳ ಕೈಯಲ್ಲಿ ಮಾಡಿಸುವುದು ಬೇಡವೆಂದು ಮುನೀರಾ ಹೇಳಿದ್ದರು. ಮೂರು ದಿನವೂ ನೀಲಾ ಕಿವಿ ಮುಚ್ಚಿಕೊಂಡು ಪಡಸಾಲೆಯಲ್ಲಿದ್ದಳು. ಮೂರನೆಯ ದಿನ ಪ್ರಸಾದಿಯ ವಾಸನೆ ಬಂದರೆ ಸಾಕು, ಶಿವನಂಜಮ್ಮ ಓಕರಿಸುತ್ತಿದ್ದಳು. ಆದರೆ ಮಾರನೆಯ ದಿನ ಮಣೆಯಲ್ಲಿ ನೀಲಾ ಕಲಸಿದ್ದ ಹಳೆಯ ಬಿಲ್ಲೆ ಹಾಕಿ ನೋಡಿದರೆ ಮುಖ ಹಿಂಡಿಕೊಂಡಳು, ಮುಖ ಹಿಂಡಿಕೊಂಡೇ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ನಲವತ್ತಕ್ಕೆ ಮೂವತ್ತೇಳು.

ಮುನೀರಾ ನೀಲಾಳದ್ದು, ಕೇಂದ್ರದವರದ್ದು ಎರಡೂ ಬಿಲ್ಲೆಗಳನ್ನು ಯಂತ್ರಕ್ಕೆ ಕೊಟ್ಟರು. ಸಂಜೆ ನೀಲಾಳನ್ನು ಕರೆದು ಪರದೆಯ ಮೇಲಿನ ಗೆರೆಗಳನ್ನು ತೋರಿಸಿದರು. "ನೀವು ಮಾಡಿದ ಬಿಲ್ಲೆಯಲ್ಲಿ ಅಂಗಿಯಲ್ಲಿಲ್ಲದ್ದು ಏನೋ ಇದೆ. ಚೀಟಿಯಲ್ಲೂ ಇಲ್ಲ. ಏನು ಹಾಕಿದ್ರಿ?"

"ಏನಿಲ್ಲ ಮೇಡಂ, ಎಲ್ಲಾ ಬರೆದಿದ್ದೀನಿ..." ಅಂದವಳು ತಡೆದಳು. "ಕೈನೀರು ಎರಡು ಹನಿ. ಅದು ಎಲ್ಲದಕ್ಕೂ ಹಾಕೋದೇ."

ಕೈನೀರೆಂದರೇನು ಅಂತ ವಿವರಿಸುವಷ್ಟರಲ್ಲಿ ಮುನೀರಾರ ಮುಖ ಕೆಂಪಾಗಿತ್ತು. "ಎರಡು ತಿಂಗಳ ಕೆಲಸ ನೀಲಾ! ಇದು ಊದುಬತ್ತಿ ಅಲ್ಲ!" ಎಂದು ಮೇಜು ಕುಟ್ಟಿದರು. ನೀಲಾ ತಲೆ ತಗ್ಗಿಸಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಮುನೀರಾ ಏನೋ ನೆನಪಾದವರಂತೆ ಹಳೆಯ ದಾಖಲೆಗಳನ್ನು ತೆರೆದರು.

"ಹೊಸ ಬಿಲ್ಲೆ ಹಾಕಿದ ಎರಡನೇ ವಾರದಲ್ಲಿ ನಿಮಗೆ ಜ್ವರ ಬಂದಿತ್ತಲ್ಲ? ಎರಡು ದಿನ ನಮ್ಮವರೇ ಬಿಲ್ಲೆ ಮಾಡಿದ್ರು. ಆ ಎರಡು ದಿನ ನಿಮ್ಮ ತಾಯಿ ಏನೂ ಆರಿಸಲಿಲ್ಲ. ನೀಲಿ ಇಪ್ಪತ್ತು, ಹಳದಿ ಇಪ್ಪತ್ತು. ಅವರಿಗೂ ಹುಷಾರಿಲ್ಲ ಅಂತ ಬರೆದುಬಿಟ್ಟಿದ್ದೀವಿ." ಅವರ ದನಿ ತಗ್ಗಿತು. "ಆ ಬಿಲ್ಲೆಗಳಲ್ಲಿ ನಿಮ್ಮ ತಮ್ಮ ಮಾತ್ರ ಇದ್ದ."

ಮಾರನೆಯ ದಿನ ಬೆಳಿಗ್ಗೆ ನೀಲಿಗೆ ಬರೀ ಕೈನೀರು, ಹಳದಿಗೆ ಕಾಯಿಸಿದ ತುಪ್ಪ. ಶಿವನಂಜಮ್ಮ ನಲವತ್ತರಲ್ಲಿ ಮೂವತ್ತೊಂಬತ್ತು ಸಲ ನೀಲಿ ಒತ್ತಿದಳು. ಕೈನೀರನ್ನು ಹಳದಿಗೆ ಬದಲಿಸಿದರೆ ಒಂದೇ ತಪ್ಪಿಗೆ ಹೊರಳಿದಳು.

ನೀಲಾ ಗಾಜಿನಾಚೆ ನಿಂತು ನೋಡುತ್ತಿದ್ದಳು. ಮೊದಲು ನಗು ಬಂತು, ಆಮೇಲೆ ಎದೆ ಕಿತ್ತು ಬಂದ ಹಾಗೆ ಅಳು. ತಮ್ಮ ಹುಟ್ಟಿದಾಗಿನಿಂದ ಮೂವತ್ತನಾಲ್ಕು ವರ್ಷ ಅವಳು ಆ ಮನೆಯಲ್ಲಿ ಎರಡನೆಯವಳಾಗಿಯೇ ಬದುಕಿದ್ದಳು. ತಾನು ಲೆಕ್ಕಕ್ಕೇ ಇಲ್ಲ ಎಂದುಕೊಂಡೇ ಅವ್ವನ ಉಚ್ಚೆ ಬಟ್ಟೆ ಒಗೆದಿದ್ದಳು. ಕೈ ತೊಳೆದುಕೊಂಡು ಬಾ ಎನ್ನುತ್ತಿದ್ದ ಅವ್ವನಿಗೆ, ಎಲ್ಲ ಮರೆತುಹೋದ ಮೇಲೂ, ಗೋಡೆಗೂ ಅನ್ನಕ್ಕೂ ವ್ಯತ್ಯಾಸ ತಿಳಿಯದಿದ್ದಾಗಲೂ, ಬೇಕೆನಿಸಿದ್ದು ಆ ಕೈ ಒಂದೇ.

ಮುನೀರಾ ಅವಳ ಪಕ್ಕ ಬಂದು ನಿಂತರು. "ಹಾಗಾದ್ರೆ ನೀಲಾ, ಕೆಡಿಸ್ಬೇಕಾಗಿರೋದು..."

"ನನ್ನ" ಅಂದಳು ನೀಲಾ. ಆ ಮಾತು ಬಾಯಿಂದ ಬಿದ್ದ ಮೇಲೆಯೇ ಅದರ ಭಾರ ಅವಳಿಗೆ ತಿಳಿದದ್ದು. ಅಳು ಅಲ್ಲಿಗೇ ನಿಂತುಹೋಯಿತು.

ಎರಡು ದಿನ ಅವ್ವನನ್ನು ಮನೆಗೆ ಕಳಿಸಿ ಎಂದು ಬೇಡಿಕೊಂಡಳು. ಮಣೆಯನ್ನು ತರಲಿಲ್ಲ. ಊಟದ ಹೊತ್ತಿಗೆ ಅವ್ವನ ಕಾಲಬುಡದಲ್ಲಿ ಕೂತು, ತೊಳೆಯದ ಅಂಗೈಯನ್ನು ಅವಳ ಮೂಗಿನ ಬಳಿ ಹಿಡಿದಳು. ಶಿವನಂಜಮ್ಮ ಎರಡೂ ಕೈಯಿಂದ ಆ ಅಂಗೈಯನ್ನು ಬಾಚಿಕೊಂಡು ಮುಖಕ್ಕೆ ಒತ್ತಿಕೊಂಡಳು. ಉದ್ದುದ್ದ ಉಸಿರು ಎಳೆದಳು. ಅವಳ ಮೀಸೆಗೂದಲು, ಒಣಗಿದ ತುಟಿ ನೀಲಾಳ ಅಂಗೈಗೆ ತಾಗುತ್ತಿದ್ದವು. ಇಷ್ಟು ಹತ್ತಿರ ಅವ್ವ ತನ್ನನ್ನು ಯಾವಾಗ ಎಳೆದುಕೊಂಡಿದ್ದಳೋ ನೀಲಾಳಿಗೆ ನೆನಪಿರಲಿಲ್ಲ. ಪ್ರಪಂಚದಲ್ಲಿ ಇನ್ನೇನೂ ಬೇಡ ಅನ್ನಿಸಿತು.

ಪುಟ್ಟತಾಯಕ್ಕ ನೀರು ತಂದು ಅವ್ವನ ತುಟಿಗೆ ಹಿಡಿದಳು. ಶಿವನಂಜಮ್ಮ ತಿರುಗಲಿಲ್ಲ. ಅನ್ನ ತಂದಳು, ಮಜ್ಜಿಗೆ ತಂದಳು. ಅಂಗೈಯಿಂದ ಮುಖ ಎತ್ತಲೇ ಇಲ್ಲ. ಮಧ್ಯಾಹ್ನ ಕಳೆಯಿತು, ದೀಪ ಹಚ್ಚುವ ಹೊತ್ತಾಯಿತು. ತುಟಿ ಸೀಳಿ ರಕ್ತದ ಗೆರೆ ಬಂದಿತ್ತು.

"ಕೈ ತಗಿಯವ್ವಾ. ಸತ್ತೋಯ್ತಾಳೆ ನಿಮ್ಮವ್ವ" ಅಂದಳು ಪುಟ್ಟತಾಯಕ್ಕ.

ನೀಲಾ ಕೈ ತೆಗೆದಳು. ಬಿಡಿಸಿಕೊಳ್ಳಲು ಬಲ ಹಾಕಬೇಕಾಯಿತು.

ಕೆಡಿಸುವ ವಾಸನೆಯನ್ನು ಈ ಸಲ ಅವಳೇ ಕಲಸಿದಳು. ಕೇಂದ್ರದವರು ಮಾಡಿದ್ದು ಅವಳಿಗೆ ಸಾಲದೆನಿಸಿತು. ಅವ್ವ ಹೆಚ್ಚು ದಿನ ನರಳಬಾರದು. ಸತ್ತ ಇಲಿ, ಹುಳಿತ ಹಿಟ್ಟು, ಕೀವು. ಇಪ್ಪತ್ತು ವರ್ಷದ ವಿದ್ಯೆಯನ್ನೆಲ್ಲ ಧಾರೆಯೆರೆದು ತನ್ನ ಕೈನೀರಿಗೆ ಬೆರೆಸಿದಳು. ಮೂರು ದಿನವೂ ಅವಳೇ ಕೊಳವೆ ಹಿಡಿದಳು. ಮೊದಲ ದಿನ ಶಿವನಂಜಮ್ಮ ಓಕರಿಸಿಯೂ ಮುಂದಕ್ಕೆ ಬಾಗಿದಳು. ಎರಡನೆಯ ದಿನ ಬಾಗಿ ಹಿಂದೆ ಸರಿದಳು. ಮೂರನೆಯ ದಿನ ನೀಲಾ ಬರಿಗೈಯನ್ನು ಹತ್ತಿರ ತಂದಾಗ ಅದನ್ನು ತಳ್ಳಿ, "ಥೂ" ಅಂದಳು. ನಾಲ್ಕು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು. ಸಿಬ್ಬಂದಿಯೆಲ್ಲ ಚಪ್ಪಾಳೆ ತಟ್ಟಿದರು. ನೀಲಾಳೂ ತಟ್ಟಿದಳು.

ಆಮೇಲೆ ಮುನೀರಾ ಹೇಳಿದಂತೆಯೇ ನಡೆಯಿತು. ತುಪ್ಪದ ಬಿಲ್ಲೆಗೆ ಬೆರಳು ಸರಿಯಿತು, ಸಾರಿನ ವಾಸನೆಗೆ ಕತ್ತು ತಿರುಗಿತು. ಉಂಡಳು, ಹೊಟ್ಟೆ ತುಂಬಿತು, ತಟ್ಟೆಯನ್ನು ದೂಡಿ "ಸಾಕು" ಅಂದಳು. ತಿಂಗಳೊಳಗೆ ಮಣೆಯೇ ಬೇಡವಾಯಿತು. ಮನೆಗೆ ಕಳಿಸುವ ದಿನ ಮುನೀರಾ ನೀಲಾಳ ಕೈಗೆ ಒಂದು ಸಣ್ಣ ಸೀಸೆ ಕೊಟ್ಟರು. ಅವಳೇ ಕಲಸಿದ ಕೆಟ್ಟ ವಾಸನೆ.

"ಮಿದುಳು ಕಲಿತದ್ದನ್ನ ಮತ್ತೆ ತಿದ್ದಿಕೊಳ್ಳುತ್ತೆ ನೀಲಾ. ಅದನ್ನ ನಂಬಿಯೇ ನಾವು ಚಿಕಿತ್ಸೆ ಮಾಡೋದು. ಅದಕ್ಕೇ ನನಗೆ ಭಯ. ಹೇಸಿಗೆ ಕರಗಿ ಹಳೇ ಆ‌ಸೆ ಮತ್ತೆ ತಲೆಯೆತ್ತಿದ್ರೆ, ಊಟ ಬಿಟ್ಟು ಅದರ ಹಿಂದೆ ಹೋಗ್ತಾರೆ. ಹಾಗೆ ಕಂಡ್ರೆ..." ಅಂದವರು ಸೀಸೆಯ ಮುಚ್ಚಳವನ್ನು ಬಿಗಿ ಮಾಡಿಕೊಟ್ಟರು.

ನೀಲಾ ಹೊರಕೋಣೆಗೆ ಹಾಸಿಗೆ ಬದಲಿಸಿದಳು. ಕೈಗವಸು ಹಾಕಿ ಅಡುಗೆ ಮಾಡಿಟ್ಟರೆ ಬಡಿಸುವುದು ಪುಟ್ಟತಾಯಕ್ಕ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡಿಕೊಂಡು ಪಡಸಾಲೆ ದಾಟುತ್ತಿದ್ದಳು. ಅವ್ವ ಮಲಗಿದ ಮೇಲೆ ಅವಳ ಸೀರೆ ಮಡಚಿಡುತ್ತಿದ್ದಳು, ಎದ್ದ ಸದ್ದಾದರೆ ಗೋಡೆಯ ಹಿಂದೆ ಸರಿಯುತ್ತಿದ್ದಳು. ಸತ್ತವರು ಮನೆಯಲ್ಲಿ ಓಡಾಡುತ್ತಾರೆ ಎನ್ನುತ್ತಾರಲ್ಲ, ಹಾಗೆ. ಕಾರ್ಖಾನೆ ಬಿಡು ಅಂದರು ಕೆಲವರು. ಬಿಟ್ಟು ಮೂರು ತಿಂಗಳು ಮನೆಯಲ್ಲಿದ್ದು, ಸೀಗೆ, ನಿಂಬೆ, ಬೂದಿ ಹಾಕಿ ಕೈ ಉಜ್ಜಿದಳು. ಚರ್ಮ ಸುಲಿದರೂ ವಾಸನೆ ಹೋಗಲಿಲ್ಲ. ಕಸುಬಿನದಷ್ಟೇ ಆಗಿದ್ದರೆ ಹೋಗುತ್ತಿತ್ತೇನೋ. ಅದು ಅವಳದ್ದೇ ಆಗಿತ್ತು.

ಕಾರ್ತಿಕದ ಒಂದು ಮಧ್ಯಾಹ್ನ. ಶಿವನಂಜಮ್ಮ ಪಡಸಾಲೆಯಲ್ಲಿ ಕೂತು ಅವರೆಕಾಳಿನ ಸಾರು ಕಲಸಿಕೊಂಡು ಉಣ್ಣುತ್ತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಉಪ್ಪು ಕಮ್ಮಿ ಅಂತ ಪುಟ್ಟತಾಯಕ್ಕನನ್ನು ಆಗಲೇ ಎರಡು ಸಲ ಬೈದಾಗಿತ್ತು. ನೀಲಾ ಬಾಗಿಲ ಮರೆಯಲ್ಲಿ ನಿಂತು ಆ ಬೈಗುಳವನ್ನು ಆಸೆಯಿಂದ ಕೇಳುತ್ತಿದ್ದಳು. ಗಾಳಿ ತಿರುಗಿದ್ದು ಅವಳಿಗೆ ತಿಳಿಯಲಿಲ್ಲ.

ಶಿವನಂಜಮ್ಮನ ಕೈ ಅರ್ಧಕ್ಕೆ ನಿಂತಿತು. ಮೂಗಿನ ಹೊಳ್ಳೆ ಅರಳಿತು. ಓಕರಿಸುತ್ತಾಳೆಂದು ನೀಲಾ ಹಿಂದೆ ಸರಿಯಹೊರಟಳು. ಓಕರಿಸಲಿಲ್ಲ. ಬಾಗಿಲ ಕಡೆ ಕತ್ತು ಚಾಚಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡಳು.

"ನೀಲಾ" ಅಂದಳು. "ಅಲ್ಯಾಕ್ ನಿಂತಿದ್ದೀಯೆ ನನ್ ಕಂದ? ಬಾ ಇಲ್ಲಿ."

ಕಂದ ಅಂತ ಅವ್ವ ಅವಳನ್ನು ಯಾವತ್ತೂ ಕರೆದಿರಲಿಲ್ಲ. ತಟ್ಟೆಯನ್ನು ಬದಿಗೆ ಸರಿಸಿ ಎರಡೂ ಕೈ ಚಾಚಿದಳು. ಬೆರಳಿನ ಅನ್ನದ ಅಗುಳು ನೆಲಕ್ಕೆ ಉದುರಿತು.

"ಉಣ್ಣವ್ವ ಮೊದ್ಲು" ಅಂತ ಪುಟ್ಟತಾಯಕ್ಕ ತುತ್ತು ಹಿಡಿದಳು. ಶಿವನಂಜಮ್ಮ ಅತ್ತ ನೋಡಲೇ ಇಲ್ಲ.

ನೀಲಾ ಹಿತ್ತಿಲಿಗೆ ಹೋದಳು. ಒಗೆಯುವ ಕಲ್ಲಿನ ಹತ್ತಿರ ಕೂತು ಸೀಸೆಯ ಮುಚ್ಚಳ ತೆಗೆದು, ಅದರಲ್ಲಿದ್ದುದನ್ನು ಎರಡೂ ಅಂಗೈಗೆ ಸುರಿದುಕೊಂಡು, ಮೊಣಕೈವರೆಗೂ ನಿಧಾನವಾಗಿ ತಿಕ್ಕಿಕೊಂಡಳು. ಎದ್ದು ಒಳಗೆ ಬಂದಳು. ಚಾಚಿದ ಕೈಗಳ ನಡುವೆ ಹೋಗಿ ಕೂತು, ಅವ್ವನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು.

"ಬಂದೆ ಕಣವ್ವ" ಅಂದಳು.

ಶಿವನಂಜಮ್ಮ ಆಸೆಯಿಂದ ಉಸಿರೆಳೆದಳು. ಮರುಕ್ಷಣ ಅವಳ ಮುಖ ಕಿವುಚಿತು, ಕರುಳು ಬಾಯಿಗೆ ಬಂತು. ಮಗಳ ಕೈಯನ್ನು ಕಿತ್ತೆಸೆದು ಎದೆಗೆ ಕೈಯಿಟ್ಟು ದೂಡಿದಳು. "ಹೋಗೇ ಅತ್ಲಾಗೆ! ಏನ್ ಹೆಣದ್ ವಾಸ್ನೆಯೇ ನಿನ್ದು! ಹತ್ರ ಬರ್ಬೇಡ!"

ನೀಲಾ ಹೋದಳು. ಹಿತ್ತಿಲ ಗೋಡೆಗೆ ಒರಗಿ, ಗಾಳಿ ಒಳಗೆ ಬೀಸದ ಕಡೆ ನಿಂತಳು. ಒಳಗೆ ಅವ್ವ ಬಹಳ ಹೊತ್ತು ಉಗುಳುತ್ತಿದ್ದಳು, ಶಪಿಸುತ್ತಿದ್ದಳು. ಆಮೇಲೆ ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ತಟ್ಟೆ ಎಳೆದುಕೊಂಡ ಸದ್ದು ಕೇಳಿಸಿತು. ಇನ್ನೊಂದು ಸೌಟು ಸಾರು ಹಾಕು ಅಂತ ಅವ್ವ ಪುಟ್ಟತಾಯಕ್ಕನಿಗೆ ಹೇಳಿದಳು.